ಗಾಯದ ಚೀಟಿಯಲ್ಲಿ ‘ಸಿ.ಎಲ್.ಡಬ್ಲ್ಯೂ.’ ಎಂದು ಬರೆದರೆ ಏನರ್ಥ, ಡಾಕ್ಟರಮ್ಮ?

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಗಾಯದ ಬಗೆಗಿನವು. ಐದರಲ್ಲಿಯೂ ಓದುಗರು ಎಡವಿರುವುದು ಒಂದೊಂದು ಪದಕ್ಕೆ. ಹಾಗಾಗಿ ಮಂಡಿನೋವು, ಸಕ್ಕರೆ ಕಾಯಿಲೆಯ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಬೇಕೆಂದೇ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಡಾಕ್ಟರಮ್ಮ, ನಮಸ್ಕಾರ. ಹೊಲದ ಬದುವಿನ ವಿಚಾರಕ್ಕೆ ಜಗಳವಾಗಿ ನನ್ನ ತಮ್ಮನ ತಲೆಗೆ ಹೊಡೆದಿದ್ದಾರೆ. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು. ಚೀಟಿಯಲ್ಲಿ ‘ಸಿ.ಎಲ್.ಡಬ್ಲ್ಯೂ., 4 × 1 ಸೆಂ.ಮೀ., ಬೋನ್ ಡೀಪ್, ಲೆಫ್ಟ್ ಪರೈಟಲ್’ ಎಂದಿದೆ. ನಾವು ದೂರಿನಲ್ಲಿ ಮಚ್ಚಿನಿಂದ ಹೊಡೆದರು ಎಂದು ಬರೆಸಿದ್ದೇವೆ. ಊರಿನ ತಿಳಿದವರೊಬ್ಬರು ‘ಸಿ.ಎಲ್.ಡಬ್ಲ್ಯೂ. ಅಂದ್ರೆ ಸಣ್ಣ ಗಾಯ, ಕೇಸು ನಿಲ್ಲಲ್ಲ, ಡಾಕ್ಟರ ಹತ್ರ ಹೋಗಿ ಕಟ್ ಆಗಿದೆ ಅಂತ ಬರೆಸಿಕೊಂಡು ಬನ್ನಿ’ ಎನ್ನುತ್ತಿದ್ದಾರೆ. ಹಾಗೆ ಬದಲಾಯಿಸಿ ಕೊಡುತ್ತಾರೆಯೇ? ಆ ಅಕ್ಷರಗಳಿಗೆ ಅರ್ಥವೇನು?
— ಓದುಗರು, ಅರಸೀಕೆರೆ ತಾಲ್ಲೂಕು

ಕೇಸಿನ ಬಗ್ಗೆ ಇಷ್ಟು ಬರೆದಿದ್ದೀರಿ, ತಮ್ಮ ಈಗ ಹೇಗಿದ್ದಾನೆ ಎಂದು ಒಂದು ಸಾಲೂ ಬರೆದಿಲ್ಲ. ಮೊದಲು ಅದನ್ನು ನೋಡೋಣ. ತಲೆನೋವು ದಿನದಿಂದ ದಿನಕ್ಕೆ ಏರುತ್ತಿದೆಯೇ, ಮೇಲಿಂದ ಮೇಲೆ ವಾಂತಿಯಾಗುತ್ತಿದೆಯೇ, ಹಗಲಲ್ಲೂ ಮಂಪರು ಕವಿಯುತ್ತಿದೆಯೇ, ಕೈಯೋ ಕಾಲೋ ಸೋಲುತ್ತಿದೆಯೇ, ಕಿವಿ ಮೂಗಿನಿಂದ ನೀರಿನಂತಹದ್ದು ಸೋರುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ಈ ಪತ್ರಿಕೆಯನ್ನು ಮಡಚಿಟ್ಟು, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಇವತ್ತೇ ಕರೆದುಕೊಂಡು ಹೋಗಿ. ತಲೆಗೆ ಬಿದ್ದ ಏಟಿನಲ್ಲಿ ಮೇಲೆ ಕಾಣುವ ಗಾಯ ಒಂದು ಲೆಕ್ಕ, ಒಳಗಿನದು ಇನ್ನೊಂದು ಲೆಕ್ಕ.

ಇನ್ನು ಪದಕ್ಕೆ ಬರುತ್ತೇನೆ. ಸಿ.ಎಲ್.ಡಬ್ಲ್ಯೂ. ಎಂದರೆ ಕಂಟ್ಯೂಸ್ಡ್ ಲ್ಯಾಸರೇಟೆಡ್ ವೂಂಡ್. ನಮ್ಮ ಕ್ಯಾಷುಯಲ್ಟಿಗಳಲ್ಲಿ ದಿನಕ್ಕೆ ಹತ್ತಾರು ಸಲ ಬರೆಯುವ ಪದ ಅದು, ಅದಕ್ಕೇ ಮೊಟಕಾಗಿದೆ. ಕನ್ನಡದಲ್ಲಿ ಹೇಳಬೇಕೆಂದರೆ ‘ಜಜ್ಜಿ ಹರಿದ ಗಾಯ’. ಮೊಂಡಾದ ವಸ್ತು ಬಂದು ಬಡಿದಾಗ ಅದಕ್ಕೂ ಕೆಳಗಿನ ಮೂಳೆಗೂ ನಡುವೆ ಚರ್ಮ ಸಿಕ್ಕಿಕೊಂಡು ಜಜ್ಜಿಹೋಗುತ್ತದೆ, ತಾಳಲಾರದೆ ಬಿರಿಯುತ್ತದೆ. ಬಡಿಗೆ, ಕಲ್ಲು, ಕಬ್ಬಿಣದ ಸರಳು, ರಸ್ತೆಯ ಟಾರು, ಬಾಗಿಲ ಚೌಕಟ್ಟು, ಯಾವುದರಿಂದಲೂ ಹೀಗಾಗಬಹುದು. ಗಾಯ ಸಣ್ಣದು ಅಥವಾ ದೊಡ್ಡದು ಎಂಬ ಮಾತು ಆ ಪದದಲ್ಲಿ ಎಲ್ಲಿಯೂ ಇಲ್ಲ. ಅರ್ಧ ಸೆಂಟಿಮೀಟರಿನದೂ ಸಿ.ಎಲ್.ಡಬ್ಲ್ಯೂ.ನೇ, ಲಾರಿಯ ಚಕ್ರ ಹತ್ತಿ ಸೀಳಿಹೋದದ್ದೂ ಸಿ.ಎಲ್.ಡಬ್ಲ್ಯೂ.ನೇ. ಚರ್ಮ ಹೇಗೆ ಬಿಟ್ಟುಕೊಂಡಿತು ಎಂಬುದನ್ನಷ್ಟೇ ಅದು ಹೇಳುತ್ತದೆ.

‘ಬೋನ್ ಡೀಪ್’ ಎಂಬುದಕ್ಕೂ ಹೆದರಬೇಡಿ. ಗಾಯದ ಆಳ ಮೂಳೆಯವರೆಗೆ ಮುಟ್ಟಿದೆ ಎಂದಷ್ಟೇ ಅದರ ಅರ್ಥ, ಮೂಳೆ ಮುರಿದಿದೆ ಎಂದಲ್ಲ. ನೆತ್ತಿಯ ಮೇಲೆ ಮಾಂಸದ ಮೆತ್ತೆ ಇಲ್ಲ. ಚರ್ಮ ಸೀಳಿದರೆ ಒಂದೆರಡು ಪದರ ದಾಟಿ ತಲೆಬುರುಡೆಯೇ ಸಿಗುತ್ತದೆ. ಲೆಫ್ಟ್ ಪರೈಟಲ್ ಎಂದರೆ ತಲೆಯ ಎಡ ಮೇಲ್ಬದಿ, ಕಿವಿಯಿಂದ ನೇರ ಮೇಲೆ ಕೈಯಾಡಿಸಿದರೆ ಸಿಗುವ ಜಾಗ.

ಇದಕ್ಕೆ ಎದುರಾಗಿ ನಿಲ್ಲುವುದು ಇನ್‌ಸೈಸ್ಡ್ ವೂಂಡ್, ಹರಿತವಾದ ಅಲಗಿನಿಂದ ಕೊಯ್ದ ಗಾಯ. ಈಳಿಗೆ ಮಣೆಯಲ್ಲಿ ಬೆರಳು ಕೊಯ್ದುಕೊಂಡವರಿಗೆಲ್ಲ ಅದು ಗೊತ್ತು. ಅಂಚು ಗೆರೆ ಎಳೆದಂತೆ ನೇರವಾಗಿರುತ್ತದೆ, ಆಳಕ್ಕಿಂತ ಉದ್ದ ಹೆಚ್ಚು, ನರನಾಳ ಚೊಕ್ಕವಾಗಿ ಕತ್ತರಿಸಿರುವುದರಿಂದ ರಕ್ತ ಧಾರೆಯಾಗಿ ಹರಿಯುತ್ತದೆ. ಜಜ್ಜಿ ಹರಿದ ಗಾಯದ ಅಂಚು ಹಾಗಿರುವುದಿಲ್ಲ. ಹಳೆಯ ಸೀರೆಯನ್ನು ಕೈಯಲ್ಲಿ ಹರಿದರೆ ಅಂಚಿನಲ್ಲಿ ದಾರದ ಎಳೆಗಳು ನೇತಾಡುತ್ತವಲ್ಲ, ಅಂಥದ್ದು. ಸುತ್ತ ಕಂದಿರುತ್ತದೆ, ತರಚಿರುತ್ತದೆ. ಒಳಗೆ ಮಣ್ಣು, ಮರದ ಸಿಬಿರು ಸಿಕ್ಕಿಕೊಂಡಿರಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ಗಾಯವನ್ನು ಮೆಲ್ಲಗೆ ಅಗಲಿಸಿ ನೋಡಿದರೆ ಈ ಬದಿಯಿಂದ ಆ ಬದಿಗೆ ಸಣ್ಣ ಸಣ್ಣ ಎಳೆಗಳು ಸೇತುವೆಯ ಹಾಗೆ ಹಾದಿರುತ್ತವೆ. ಅಲಗು ಎಲ್ಲವನ್ನೂ ಕತ್ತರಿಸಿಕೊಂಡು ಹೋಗುತ್ತದೆ. ಬಡಿಗೆ ಹರಿಯುತ್ತದೆ, ಗಟ್ಟಿಯಾದ ಎಳೆಗಳನ್ನು ಹಾಗೆಯೇ ಬಿಟ್ಟುಹೋಗುತ್ತದೆ. ಕೂದಲೂ ಅಷ್ಟೆ. ಮಚ್ಚು ಬಿದ್ದ ಕಡೆ ಕೂದಲು ಕತ್ತರಿಸಿರುತ್ತದೆ, ಬಡಿಗೆ ಬಿದ್ದ ಕಡೆ ಬುಡವೇ ಜಜ್ಜಿರುತ್ತದೆ.

ಇಷ್ಟೂ ಹೇಳಿದ ಮೇಲೆ ಒಂದು ತೊಡಕನ್ನು ಹೇಳದಿದ್ದರೆ ತಪ್ಪಾಗುತ್ತದೆ. ಚರ್ಮದ ಕೆಳಗೇ ಮೂಳೆ ಇರುವ ಜಾಗಗಳಲ್ಲಿ, ಎಂದರೆ ನೆತ್ತಿ, ಹುಬ್ಬು, ಕೆನ್ನೆಯ ಮೂಳೆ, ಮೊಣಕಾಲಿನ ಕೆಳಗಿನ ಮುಂಗಾಲು, ಇಲ್ಲೆಲ್ಲ ಬಡಿಗೆಯ ಏಟಿಗೂ ಚರ್ಮ ನೇರವಾಗಿ ಬಿರಿಯುತ್ತದೆ. ಬರಿಗಣ್ಣಿಗೆ ಚಾಕುವಿನಲ್ಲಿ ಕೊಯ್ದಂತೆಯೇ ಕಾಣುತ್ತದೆ. ಅದರ ಮೇಲೆ ನೆತ್ತಿಯಲ್ಲಿ ರಕ್ತನಾಳಗಳು ಬಿಗಿಯಾದ ನಾರಿನ ನಡುವೆ ಕೂತಿರುವುದರಿಂದ ಕುಗ್ಗಿ ಮುಚ್ಚಿಕೊಳ್ಳಲಾರವು. ಆದ್ದರಿಂದ ರಕ್ತವೂ ಧಾರಾಳ. ಇಲ್ಲಿ ನಾನೇ ಎಡವಿದ್ದೆ.

1994ರ ಮಳೆಗಾಲ. ಮಲೆನಾಡಿನ ಸೆರಗಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳು. ರಾತ್ರಿ ಹತ್ತರ ಹೊತ್ತಿಗೆ ಕಂಬಳಿ ಹೊದಿಸಿ ಒಬ್ಬರನ್ನು ಕರೆತಂದರು. ದಾಯಾದಿ ಜಗಳ. ನೆತ್ತಿಯ ಮೇಲೆ ಐದು ಸೆಂಟಿಮೀಟರ್ ಗಾಯ, ಬಟ್ಟೆಯೆಲ್ಲ ರಕ್ತ. ಕರೆಂಟು ಹೋಗಿತ್ತು. ನರ್ಸಮ್ಮ ಹಿಡಿದ ಟಾರ್ಚಿನ ಬೆಳಕಿನಲ್ಲಿ ತೊಳೆದು, ಕೂದಲು ತೆಗೆದು, ಹೊಲಿಗೆ ಹಾಕಿದೆ. ಅಂಚು ನೇರವಾಗಿ ಕಂಡಿತು, ‘ಇನ್‌ಸೈಸ್ಡ್ ವೂಂಡ್’ ಎಂದು ರಿಜಿಸ್ಟರಿನಲ್ಲಿ ಬರೆದೆ. ಕೈಗನ್ನಡಿಯಷ್ಟು ಭೂತಗನ್ನಡಿ ಹಿಡಿದು ನೋಡಿರಲಿಲ್ಲ. ಅಗಲಿಸಿ ಎಳೆಗಳನ್ನು ಹುಡುಕಿರಲಿಲ್ಲ.

ಎರಡು ವರ್ಷದ ಮೇಲೆ ಕೋರ್ಟಿಗೆ ಸಾಕ್ಷಿ ಹೇಳಲು ಕರೆ ಬಂತು. ಏಟು ತಿಂದವರೂ ನೋಡಿದವರೂ ಮೊದಲಿನಿಂದ ಒಂದೇ ಮಾತು ಹೇಳಿದ್ದರು, ಅಡಕೆ ಮರದ ದಬ್ಬೆಯಿಂದ ಹೊಡೆದರು ಎಂದು. ನನ್ನ ಸರ್ಟಿಫಿಕೇಟು ಮಾತ್ರ ಹರಿತವಾದ ಆಯುಧ ಎನ್ನುತ್ತಿತ್ತು. ಎದುರು ಪಕ್ಷದ ವಕೀಲರು ತುಂಬ ಮರ್ಯಾದೆಯಿಂದಲೇ ಕೇಳಿದರು: ಡಾಕ್ಟರೇ, ಕೂದಲು ಕತ್ತರಿಸಿತ್ತೋ ಜಜ್ಜಿತ್ತೋ? ಗಾಯದ ಒಳಗೆ ಎಳೆಗಳಿದ್ದವೋ ಇರಲಿಲ್ಲವೋ? ನನ್ನಲ್ಲಿ ಉತ್ತರವಿರಲಿಲ್ಲ. ಕಣ್ಣಾರೆ ಕಂಡವರ ಮಾತಿಗೂ ವೈದ್ಯರ ಬರಹಕ್ಕೂ ತಾಳೆಯಾಗದು ಎಂದಾಯಿತು. ಸಂಶಯದ ಲಾಭ ಹೊಡೆದವರಿಗೆ ಹೋಯಿತು. ಏಟು ತಿಂದವರು ಊರಿನವರ ಎದುರು ಸುಳ್ಳುಗಾರರಾದರು. ಕೋರ್ಟಿನ ಜಗಲಿಯಲ್ಲಿ ಅವರು ನನ್ನ ಮುಖವನ್ನೊಮ್ಮೆ ನೋಡಿ ಏನೂ ಹೇಳದೆ ಮೆಟ್ಟಿಲಿಳಿದು ಹೋದದ್ದು ಇಂದಿಗೂ ಕಣ್ಣ ಮುಂದಿದೆ. ಮರುದಿನವೇ ಗಡಿಯಾರ ರಿಪೇರಿಯವರ ಹತ್ತಿರ ಒಂದು ಭೂತಗನ್ನಡಿ ಕೊಂಡೆ. ನಿವೃತ್ತಿಯಾಗುವವರೆಗೂ ಅದು ಬಿಳಿ ಕೋಟಿನ ಜೇಬಿನಲ್ಲಿತ್ತು.

ಈಗ ನಿಮ್ಮ ಪ್ರಶ್ನೆಗೆ ಉತ್ತರ: ಬದಲಾಯಿಸಿ ಕೊಡಿ ಎಂದು ಕೇಳಬೇಡಿ. ಯಾವ ವೈದ್ಯರೂ ಕೊಡಬಾರದು. ಅದು ಸುಳ್ಳು ದಾಖಲೆಯಾಗುತ್ತದೆ, ಕೇಳಿದವರಿಗೂ ಕೊಟ್ಟವರಿಗೂ ಶಿಕ್ಷೆಯಿದೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ತಮ್ಮನಿಗೆ ಬಿದ್ದ ನಿಜವಾದ ಏಟು ಆ ಸುಳ್ಳಿನ ಕೆಳಗೆ ಹೂತುಹೋಗುತ್ತದೆ. ದೂರಿನಲ್ಲಿ ಮಚ್ಚು, ಚೀಟಿಯಲ್ಲಿ ಜಜ್ಜಿದ ಗಾಯ ಎಂದಿದ್ದರೆ ನಾನು ಕಂಡ ಕಥೆಯೇ ತಿರುವುಮುರುವಾಗಿ ನಡೆಯುತ್ತದೆ.

ನಿಜವಾಗಿಯೂ ಏನಾಯಿತು ಎಂದು ತಮ್ಮನನ್ನೇ ಕೂರಿಸಿ ಕೇಳಿ. ಮಚ್ಚನ್ನು ತಿರುಗಿಸಿ ಹಿಂಬದಿಯಿಂದ ಹೊಡೆದಿದ್ದರೆ ಜಜ್ಜಿ ಹರಿದ ಗಾಯವೇ ಆಗುತ್ತದೆ, ಚೀಟಿಗೂ ದೂರಿಗೂ ವಿರೋಧವಿಲ್ಲ. ಅದನ್ನು ಹಾಗೆಯೇ ಹೇಳಲಿ. ಬಡಿಗೆಯಾಗಿದ್ದರೆ ಬಡಿಗೆ ಎನ್ನಲಿ. ಪೊಲೀಸರ ಮುಂದೆ ಮರುಹೇಳಿಕೆ ಕೊಡಲು ದಾರಿ ಇದೆ. ನಿಮ್ಮ ವಕೀಲರನ್ನು ಕೇಳಿಕೊಂಡು ತಡಮಾಡದೆ ಕೊಡಿಸಿ.

‘ಕೇಸು ನಿಲ್ಲಲ್ಲ’ ಎಂಬ ಮಾತೂ ಪೊಳ್ಳು. ಗಾಯ ಸಾದಾ ಸ್ವರೂಪದ್ದೋ ತೀವ್ರ ಸ್ವರೂಪದ್ದೋ ಎಂಬುದನ್ನು ಗಾಯದ ಜಾತಿ ನೋಡಿ ತೀರ್ಮಾನಿಸುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ತೀವ್ರ ಗಾಯ ಯಾವುದು ಎಂದು ಎಂಟು ಬಗೆ ಹೇಳಿದ್ದಾರೆ. ಕಣ್ಣು ಹೋಗುವುದು, ಕಿವಿ ಹೋಗುವುದು, ಅಂಗವೋ ಕೀಲೋ ಕೆಲಸಕ್ಕೆ ಬಾರದಂತಾಗುವುದು, ತಲೆ ಅಥವಾ ಮುಖ ಶಾಶ್ವತವಾಗಿ ವಿಕಾರವಾಗುವುದು, ಮೂಳೆಯೋ ಹಲ್ಲೋ ಮುರಿಯುವುದು ಇವೆಲ್ಲ ಅದರಲ್ಲಿವೆ. ಕೊನೆಯದರಲ್ಲಿ ಜೀವಕ್ಕೆ ಅಪಾಯವಾದ ಗಾಯದ ಜೊತೆಗೆ ಹದಿನೈದು ದಿನ ತೀವ್ರ ನೋವು ಅನುಭವಿಸಿದರೂ, ಅಷ್ಟು ದಿನ ತನ್ನ ಎಂದಿನ ಕೆಲಸ ಮಾಡಲಾಗದಿದ್ದರೂ ಸೇರುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಇಪ್ಪತ್ತು ದಿನವಿತ್ತು. ನಿಮ್ಮ ತಮ್ಮನ ಬುರುಡೆಯಲ್ಲಿ ಬಿರುಕು ಇದ್ದರೆ ಅದೇ ಸಿ.ಎಲ್.ಡಬ್ಲ್ಯೂ. ತೀವ್ರ ಗಾಯವಾಗುತ್ತದೆ, ಆ ಎಂಟರಲ್ಲಿ ಯಾವುದೂ ಇಲ್ಲದಿದ್ದರೆ ಸಾದಾ ಗಾಯ. ಸಾದಾ ಗಾಯ ಮಾಡಿದರೂ ಅಪರಾಧವೇ. ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿಸಿದ್ದರೆ ಅದರ ವರದಿ ಆಸ್ಪತ್ರೆಯ ಕಡತ ಸೇರಿದೆಯೇ ಎಂದು ವಿಚಾರಿಸಿ. ಓಡಾಡಬೇಕಾದ್ದು ಅದಕ್ಕೆ.

ಮೇಡಂ, ಆಶಾ ಕಾರ್ಯಕರ್ತೆಯರಿಗಾಗಿ ಪ್ರಥಮ ಚಿಕಿತ್ಸೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಲ್ಯಾಸರೇಷನ್’ ಎಂಬುದಕ್ಕೆ ಸೀಳುಗಾಯ ಎನ್ನಲೇ, ಹರಿದ ಗಾಯ ಎನ್ನಲೇ, ಕ್ಷತ ಎನ್ನಲೇ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ.
— ಓದುಗರು, ಮೈಸೂರು

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ‘ಹರಿದ ಗಾಯ’ ಎಂದು ಬರೆಯಿರಿ. ಲ್ಯಾಟಿನ್ನಿನಲ್ಲಿ ಆ ಪದದ ಮೂಲಕ್ಕೆ ಹರಿ, ಚಿಂದಿ ಮಾಡು ಎಂದೇ ಅರ್ಥ. ಸೀಳು ಎಂದರೆ ನಮ್ಮ ಕಿವಿಗೆ ಕೊಡಲಿಯಲ್ಲಿ ಸೌದೆ ಸೀಳಿದ್ದು ನೆನಪಾಗುತ್ತದೆ, ಅಲಗು ಬಂದುಬಿಡುತ್ತದೆ. ನೆತ್ತಿ, ಹುಬ್ಬಿನ ಮೇಲೆ ನೇರವಾಗಿ ಬಿರಿದದ್ದಕ್ಕೆ ಬೇಕಾದರೆ ‘ಬಿರಿದ ಗಾಯ’ ಎನ್ನಿ.

ಇಂಗ್ಲಿಷಿನಲ್ಲಿ ಗಾಯದ ಈ ಪದಗಳೆಲ್ಲ ದೊಡ್ಡ ದೊಡ್ಡದಾಗಿ ಕೇಳುತ್ತವೆ, ಬಿಚ್ಚಿ ನೋಡಿದರೆ ಎಲ್ಲವೂ ಕೈಕೆಲಸದ ಕ್ರಿಯಾಪದಗಳು. ಅಬ್ರೇಷನ್ ಎಂಬುದರ ಒಳಗೆ ಕೆರೆಯುವುದಿದೆ, ಗಡ್ಡ ಕೆರೆಯುವ ರೇಜರೂ ಅದೇ ಬೇರಿನದು. ಕಂಟ್ಯೂಷನ್ ಎಂಬುದರಲ್ಲಿ ಕುಟ್ಟುವುದಿದೆ. ಇನ್‌ಸಿಷನ್ ಎಂಬುದರಲ್ಲಿ ಕೊಯ್ಯುವುದಿದೆ. ಈ ಕ್ರಿಯಾಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ, ಇಂಗ್ಲಿಷಿಗಿಂತ ಸೂಕ್ಷ್ಮವಾಗಿಯೂ ಇವೆ. ಉಗುರು ತಾಗಿದರೆ ಪರಚಿತು ಎನ್ನುತ್ತೇವೆ, ಸೈಕಲ್ಲಿನಿಂದ ಬಿದ್ದರೆ ಮೊಣಕೈ ತರಚಿತು ಎನ್ನುತ್ತೇವೆ, ಬೇಲಿಯ ಮುಳ್ಳು ಎಳೆದರೆ ಗೀರಿತು ಎನ್ನುತ್ತೇವೆ, ಬಾಗಿಲ ಸಂದಿಗೆ ಬೆರಳು ಸಿಕ್ಕರೆ ಜಜ್ಜಿತು ಎನ್ನುತ್ತೇವೆ. ಬೆತ್ತದ ಏಟಿಗೆ ಎದ್ದದ್ದು ಬಾಸುಂಡೆ. ಚರ್ಮ ಹರಿಯದೆ ಒಳಗೇ ರಕ್ತ ಹೆಪ್ಪುಗಟ್ಟಿದ್ದು ಮೂಗೇಟು. ಗಾಯ ಒಣಗಿ ಮೇಲೆ ಕಟ್ಟಿದ್ದು ಹಕ್ಕಳೆ. ಹಳ್ಳಿಯ ಹೆಂಗಸರು ಒಂದೊಂದನ್ನೂ ತಪ್ಪದೆ ಬೇರೆ ಬೇರೆ ಹೇಳುತ್ತಿದ್ದರು. ನನ್ನ ಕೆಲಸ ಎಷ್ಟೋ ಸಲ ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವುದಷ್ಟೇ ಆಗಿರುತ್ತಿತ್ತು. ಕೈಪಿಡಿಯಲ್ಲಿ ಈ ಮಾತುಗಳನ್ನೇ ಹಾಕಿ. ಆಶಾ ಕಾರ್ಯಕರ್ತೆ ಫೋನಿನಲ್ಲಿ ‘ಡಾಕ್ಟ್ರೇ, ತರಚಿದೆ ಅಷ್ಟೇ, ಹರಿದಿಲ್ಲ’ ಎಂದರೆ ಆ ಕಡೆ ಕೂತ ವೈದ್ಯರಿಗೆ ಅರ್ಧ ಗಾಯ ಕಂಡಂತೆ.

‘ಕ್ಷತ’ ಎಂಬುದು ಹಗುರವಾದ ಪದವಲ್ಲ, ಅದಕ್ಕೆ ಬಹಳ ದೊಡ್ಡ ವಂಶವಿದೆ. ಸುಶ್ರುತ ಸಂಹಿತೆಯಲ್ಲಿ ಏಟಿನಿಂದ ಆಗುವ ಹೊಸ ಗಾಯಗಳನ್ನು ಸದ್ಯೋವ್ರಣ ಎಂದು ಕರೆದು ಆರು ಬಗೆ ಮಾಡಿದ್ದಾರೆ: ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ. ಕತ್ತರಿಸಿದ್ದು ಛಿನ್ನ, ಒಡಲಿನ ಒಳಗಿನವರೆಗೆ ತೂರಿದ್ದು ಭಿನ್ನ, ಚುಚ್ಚಿದ್ದು ವಿದ್ಧ, ಮೂಳೆಸಮೇತ ಅಪ್ಪಚ್ಚಿಯಾದದ್ದು ಪಿಚ್ಚಿತ, ಉಜ್ಜಿ ಚರ್ಮ ಹೋದದ್ದು ಘೃಷ್ಟ. ಕ್ಷತವೆಂದರೆ ಪೂರ್ತಿ ಕತ್ತರಿಸಿದ್ದೂ ಅಲ್ಲ, ಪೂರ್ತಿ ತೂರಿದ್ದೂ ಅಲ್ಲ, ಎರಡರ ಲಕ್ಷಣವೂ ಇದ್ದು ಅಂಕುಡೊಂಕಾಗಿರುವುದು. ಓದಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಗಾಯವನ್ನು ಎಷ್ಟು ಹೊತ್ತು, ಎಷ್ಟು ಹತ್ತಿರದಿಂದ ನೋಡಿದವರು ಹೀಗೆ ಬರೆಯಬಲ್ಲರು! ಆದರೂ ಕೈಪಿಡಿಗೆ ಬೇಡ. ಕ್ಷತ ಎಂದರೆ ಈಗಿನವರು ಯಾವುದೋ ಒಂದು ಗಾಯ ಎಂದುಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಹೊರದೇಶದ ಆಸ್ಪತ್ರೆಗಳ ಬರಹವನ್ನು ಅನುವಾದಿಸುವಾಗ ಲ್ಯಾಸರೇಷನ್ ಕಂಡಲ್ಲೆಲ್ಲ ಹರಿದ ಗಾಯ ಎನ್ನಬೇಡಿ. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡ. ಅಲ್ಲಿನ ಚೀಟಿಯಲ್ಲಿ ಫಿಂಗರ್ ಲ್ಯಾಸರೇಷನ್ ಎಂದೇ ಇತ್ತು. ಅಲ್ಲಿಯ ತುರ್ತು ಚಿಕಿತ್ಸೆಯವರು ಹೊಲಿಗೆ ಬೇಡುವ ಗಾಯವನ್ನೆಲ್ಲ ಹಾಗೆನ್ನುವುದು ರೂಢಿ, ಹೊಲಿಯುವವರಿಗೆ ಅಷ್ಟು ಸಾಕು. ಪೊಲೀಸು, ಕೋರ್ಟು ಎಂದು ಬಂದಾಗ ಮಾತ್ರ ಅದು ಸಾಲದು. ನ್ಯಾಯವೈದ್ಯಶಾಸ್ತ್ರದಲ್ಲಿ ಅಲಗಿನಿಂದಾದದ್ದನ್ನು ಲ್ಯಾಸರೇಷನ್ ಎಂದು ಬರೆಯುವುದು ತಪ್ಪೇ.

ನನ್ನ ನಾಲ್ಕು ವರ್ಷದ ಮಗಳು ಮನೆಯ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಹಣೆ ಒಡೆದುಕೊಂಡಳು. ಅತ್ತೆಯವರು ಕೂಡಲೇ ಕಾಫಿ ಪುಡಿ ಒತ್ತಿದರು, ರಕ್ತ ನಿಂತಿತು. ಆಸ್ಪತ್ರೆಯಲ್ಲಿ ಅದನ್ನೆಲ್ಲ ತೆಗೆಯುವಾಗ ಮಗು ತುಂಬ ಅತ್ತಳು, ಡಾಕ್ಟರು ಅತ್ತೆಯವರಿಗೆ ಬೈದರು. ಮೂರು ಹೊಲಿಗೆ ಹಾಕಿದ್ದಾರೆ. ಹೆಣ್ಣುಮಗು, ಕಲೆ ಉಳಿಯುತ್ತದೆಯೇ ಎಂಬ ಚಿಂತೆ. ಅತ್ತೆಯವರು ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ.
— ಓದುಗರು, ತಿಪಟೂರು

ಮೊದಲು ನಿಮ್ಮ ಅತ್ತೆಯವರಿಗೆ ಈ ಉತ್ತರವನ್ನು ಓದಿ ಹೇಳಿ. ಅಮ್ಮಾ, ಮಗುವಿನ ರಕ್ತ ನಿಂತದ್ದು ನೀವು ಕೈಯಿಂದ ಬಿಗಿಯಾಗಿ ಒತ್ತಿ ಹಿಡಿದದ್ದರಿಂದ. ಅದು ಸರಿಯಾದ ಕೆಲಸ, ಗಾಬರಿಯಲ್ಲಿ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಮುಂದಿನ ಸಲ ಕೈಯಲ್ಲಿ ಕಾಫಿ ಪುಡಿಯ ಬದಲು ಒಗೆದ ಬಟ್ಟೆ ಇರಲಿ, ಅಷ್ಟೇ ವ್ಯತ್ಯಾಸ. ಊಟ ಮಾಡಿ.

ಕಾಫಿ ಪುಡಿ, ಅರಿಶಿನ, ಸುಣ್ಣ ಯಾವುದೇ ಆಗಲಿ, ಹರಿದ ಗಾಯಕ್ಕೆ ಬೇಡ ಎನ್ನುವುದಕ್ಕೆ ಕಾರಣ ಇದೆ. ಕೊಯ್ದ ಗಾಯಕ್ಕಿಂತ ಜಜ್ಜಿ ಹರಿದ ಗಾಯದಲ್ಲಿ ಸತ್ತ ಚರ್ಮದ ಚೂರುಗಳು ಹೆಚ್ಚು, ಕೀವಾಗುವುದಕ್ಕೆ ಅದೇ ಜಾಗ. ಅದರಲ್ಲಿ ಪುಡಿ ಸೇರಿದರೆ ಪ್ರತಿಯೊಂದು ಕಾಳನ್ನೂ ತೊಳೆದು ತೆಗೆಯಬೇಕು. ಒಂದು ಕಾಳು ಒಳಗುಳಿದರೂ ಕಪ್ಪು ಚುಕ್ಕೆಯಾಗಿ ಚರ್ಮದಡಿ ನಿಂತುಬಿಡಬಹುದು. ಆ ಡಾಕ್ಟರು ಮಗು ಅತ್ತರೂ ಬಿಡದೆ ತೊಳೆದದ್ದು ಅದಕ್ಕೆ. ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ: ಹರಿಯುವ ಶುದ್ಧ ನೀರಿನಲ್ಲಿ ತೊಳೆಯುವುದು, ಬಟ್ಟೆ ಇಟ್ಟು ಹತ್ತು ನಿಮಿಷ ನಡುವೆ ತೆಗೆದು ನೋಡದೆ ಒತ್ತಿ ಹಿಡಿಯುವುದು, ಆಸ್ಪತ್ರೆಗೆ ಹೊರಡುವುದು. ಕೈಕಾಲಿನ ಗಾಯವಾದರೆ ಆರೆಂಟು ಗಂಟೆಯೊಳಗೆ ಹೊಲಿಗೆ ಬಿದ್ದರೆ ಒಳ್ಳೆಯದು. ಮುಖಕ್ಕೆ ರಕ್ತದ ಓಡಾಟ ಚೆನ್ನಾಗಿರುವುದರಿಂದ ಸ್ವಲ್ಪ ತಡವಾದರೂ ಹೊಲಿಯಬಹುದು.

ಮುಖದ ಹೊಲಿಗೆಯನ್ನು ಮೂರರಿಂದ ಐದು ದಿನದೊಳಗೆ ಬಿಚ್ಚುತ್ತೇವೆ. ಹೆಚ್ಚು ದಿನ ಬಿಟ್ಟರೆ ದಾರದ ಅಡ್ಡಗೆರೆಗಳೇ ಕಲೆಯಾಗುತ್ತವೆ. ಪುರುಸೊತ್ತಿಲ್ಲ, ಬಸ್ಸಿಲ್ಲ ಎಂದು ವಾರಗಟ್ಟಲೆ ಮುಂದೂಡಬೇಡಿ. ಬಿಚ್ಚಿದ ಮೇಲೆ ಗಾಯ ಕೂಡಿಕೊಂಡಂತೆ ಕಂಡರೂ ಒಳಗೆ ಇನ್ನೂ ಎಳಸು. ಮೂರು ವಾರಕ್ಕೆ ಅದರ ಬಲ ಮೊದಲಿನ ಚರ್ಮದ ಐದನೇ ಒಂದು ಭಾಗದಷ್ಟು ಮಾತ್ರ. ಅದೇ ಜಾಗಕ್ಕೆ ಇನ್ನೊಂದು ಏಟು ಬೀಳದಂತೆ ನೋಡಿಕೊಳ್ಳಿ. ಕಲೆಯ ಬಗ್ಗೆ ಹೇಳುವುದಾದರೆ, ಮೊದಲ ಕೆಲವು ತಿಂಗಳು ಅದು ಕೆಂಪಾಗಿ, ಕೊಂಚ ಉಬ್ಬಿ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಹೆದರಬೇಡಿ. ಮಾಗುವುದಕ್ಕೆ ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಬಿಸಿಲು ತಾಗದಂತೆ ಟೋಪಿ ಹಾಕಿ, ದಿನಕ್ಕೆರಡು ಸಲ ವ್ಯಾಸಲಿನ್ ಹಚ್ಚಿ. ಹಣೆಯ ಅಡ್ಡಗೆರೆಯ ಜೊತೆಗೇ ಗಾಯವಾಗಿದ್ದರೆ ಅದರಲ್ಲೇ ಬೆರೆತುಹೋಗುತ್ತದೆ. ಮಗಳ ಲಸಿಕೆ ಚೀಟಿ ತೆಗೆದು ಡಿ.ಪಿ.ಟಿ. ಎಲ್ಲವೂ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಧನುರ್ವಾಯುವಿನ ಚಿಂತೆ ಬೇಡ.

ಹೆಣ್ಣುಮಗು ಎಂದು ಬರೆದಿದ್ದೀರಿ. ಗಂಡುಮಗುವಾಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಅವಳೆದುರು ಕಲೆಯ ಮಾತು ಆಡಬೇಡಿ.

ಬೆನ್ನಿನ ಮೇಲೆ ಬಿಳಿಚಿದ ಮಚ್ಚೆಯಿದೆ. ಚರ್ಮದ ಡಾಕ್ಟರು ‘ಹೈಪೋಪಿಗ್ಮೆಂಟೆಡ್ ಲೀಷನ್’ ಎಂದು ಬರೆದಿದ್ದಾರೆ. ನನಗೆ ಅಲ್ಲಿ ಯಾವ ಗಾಯವೂ ಆಗಿರಲಿಲ್ಲ. ಲೀಷನ್ ಎಂದರೆ ಕ್ಯಾನ್ಸರ್ ಎಂದು ಗೆಳೆಯರು ಹೆದರಿಸಿದ್ದಾರೆ.
— ಓದುಗರು, ಧಾರವಾಡ

ಆ ಪದದ ಹಳೆಯ ಅರ್ಥ ಪೆಟ್ಟು, ಗಾಯ ಎಂದೇ. ಈಗ ವೈದ್ಯರು ಅದನ್ನು ಬಹಳ ಹಿಗ್ಗಿಸಿ ಬಳಸುತ್ತೇವೆ. ಚರ್ಮ ಇದ್ದಂತೆ ಇಲ್ಲದೆ ಬದಲಾಗಿರುವ ಯಾವ ಜಾಗವೂ ಲೀಷನ್ನೇ. ಮೊಡವೆ, ನರಹುಲಿ, ತದ್ದು, ಹುಣ್ಣು, ಹುಟ್ಟುಮಚ್ಚೆ ಎಲ್ಲಕ್ಕೂ ಸಲ್ಲುತ್ತದೆ, ಕ್ಯಾನ್ಸರಿಗೂ ಸಲ್ಲುತ್ತದೆ. ನಿಮ್ಮ ಚೀಟಿಯ ಎರಡು ಪದಗಳ ಅರ್ಥ ‘ಬಣ್ಣ ಕಡಿಮೆಯಾದ ಜಾಗ’ ಎಂದು, ರೋಗದ ಹೆಸರು ಇನ್ನೂ ಬರೆದಿಲ್ಲ. ಬೆನ್ನಿನ ಮೇಲೆ ಬಿಳಿಚಿದ್ದು ಹೆಚ್ಚಾಗಿ ಚಿಬ್ಬು ಆಗಿರುತ್ತದೆ, ಮುಲಾಮಿಗೆ ಹೋಗುತ್ತದೆ. ಒಂದನ್ನು ಮಾತ್ರ ನೀವೇ ಪರೀಕ್ಷಿಸಿ. ಕಣ್ಣು ಮುಚ್ಚಿಕೊಂಡು, ಮನೆಯವರಿಗೆ ಹತ್ತಿಯ ಎಳೆಯಿಂದ ಒಮ್ಮೆ ಮಚ್ಚೆಯನ್ನೂ ಒಮ್ಮೆ ಪಕ್ಕದ ಚರ್ಮವನ್ನೂ ಮುಟ್ಟಲು ಹೇಳಿ. ಮಚ್ಚೆಯ ಮೇಲೆ ಮುಟ್ಟಿದ್ದು ತಿಳಿಯದಿದ್ದರೆ ಕುಷ್ಠರೋಗ ಇರಬಹುದು, ಕೂಡಲೇ ಡಾಕ್ಟರಿಗೆ ಹೇಳಿ. ಅದಕ್ಕೂ ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಔಷಧ ಚಿಕಿತ್ಸೆ ಉಚಿತವಾಗಿದೆ. ಬೇಗ ಹಿಡಿದರೆ ಕೈಕಾಲಿಗೆ ಏನೂ ಆಗದಂತೆ ಪೂರ್ತಿ ವಾಸಿಯಾಗುತ್ತದೆ.

ಬೀದಿನಾಯಿ ಕಚ್ಚಿ ಮೀನಖಂಡ ಹರಿದಿದೆ. ಚೀಟಿಯಲ್ಲಿ ‘ಲ್ಯಾಸರೇಟೆಡ್ ವೂಂಡ್, ಕೆಟಗರಿ 3’ ಎಂದು ಬರೆದೂ ಹೊಲಿಗೆ ಹಾಕದೆ ಕಳಿಸಿದರು. ಇದು ನಿರ್ಲಕ್ಷ್ಯವಲ್ಲವೇ?
— ಓದುಗರು, ಕೊಪ್ಪಳ

ಅಲ್ಲ, ಅವರು ಮಾಡಿದ್ದು ಸರಿ. ನಾಯಿ ಕಚ್ಚಿದ ಗಾಯವನ್ನು ಕೂಡಲೇ ಹೊಲಿಯಬಾರದು. ಸೂಜಿ ಚುಚ್ಚಿದಾಗೆಲ್ಲ ಜೊಲ್ಲಿನಲ್ಲಿದ್ದ ರೇಬಿಸ್ ವೈರಸ್ಸು ಇನ್ನಷ್ಟು ಆಳದ ನರಕ್ಕೆ ದಾಟಬಹುದು. ಹೊಲಿಯಲೇಬೇಕಾದಷ್ಟು ಬಾಯ್ದೆರೆದಿದ್ದರೆ ಮೊದಲು ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್, ಎಂದರೆ ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯದ ಮದ್ದು, ಚುಚ್ಚಿ, ಆಮೇಲೆ ಸಡಿಲವಾಗಿ ಒಂದೆರಡು ಹಾಕುತ್ತಾರೆ. ಕೆಟಗರಿ 3 ಎಂದರೆ ಚರ್ಮ ದಾಟಿ ಹಲ್ಲು ಇಳಿದಿದೆ ಎಂದು. ಲಸಿಕೆಯ ಜೊತೆಗೆ ಆ ಇಮ್ಯುನೊಗ್ಲಾಬ್ಯುಲಿನ್ನೂ ಬೇಕೇ ಬೇಕು. ಅದು ಬಿದ್ದಿದೆಯೇ ಎಂದು ನಿಮ್ಮ ಚೀಟಿಯಲ್ಲಿ ಈಗಲೇ ನೋಡಿ. ಬಿದ್ದಿಲ್ಲದಿದ್ದರೆ ಮೊದಲ ಲಸಿಕೆ ಹಾಕಿದ ಏಳು ದಿನದೊಳಗೆ ಹಾಕಿಸಿಕೊಳ್ಳಬಹುದು, ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಕಚ್ಚಿದ ದಿನ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆಯದಿದ್ದರೆ ಇವತ್ತಾದರೂ ತೊಳೆಯಿರಿ. ಲಸಿಕೆ ರಟ್ಟೆಗೆ ಹಾಕುತ್ತಿದ್ದರೆ ಮೊದಲ ದಿನ ಬಿಟ್ಟು 3, 7, 14 ಮತ್ತು 28ನೇ ದಿನಕ್ಕೆ ಹೋಗಬೇಕು, ಚರ್ಮದೊಳಗೆ ಹಾಕುತ್ತಿದ್ದರೆ 3, 7 ಮತ್ತು 28. ಗಾಯ ಮಾಯ್ದಂತೆ ಕಂಡಿತು ಎಂದು 28ನೇ ದಿನದ್ದನ್ನು ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ನೀವು ಬಿಡಬೇಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.